ರಬ್ಬರಿನ ಜಮಾಖರ್ಚು: ಡಾರ್ಲಿಂಗ್ಟನ್ ಟ್ರ್ಯಾಕಿನ 367 ಸುತ್ತು

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಡಾರ್ಲಿಂಗ್ಟನ್ ಊರಿನ ಜನಸಂಖ್ಯೆ 6 ಸಾವಿರದ ಆಸುಪಾಸು. ಊರಿಗೆ ಅಂಟಿಕೊಂಡ ರೇಸ್ ಟ್ರ್ಯಾಕಿನಲ್ಲಿ ಕೂತು ನೋಡಲು ಇರುವ ಜಾಗ ಸುಮಾರು 47 ಸಾವಿರ ಜನಕ್ಕೆ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಲ್ಲಿ ಕಾರ್ಮಿಕ ದಿನದ ರಜೆ. ಅದರ ಹಿಂದಿನ ದಿನ, ಭಾನುವಾರ ಸಂಜೆ, ಸ್ಟಾಕ್ ಕಾರ್ (ಮಾಮೂಲಿ ಕಾರಿನ ರೂಪದ ರೇಸ್ ಕಾರು) ರೇಸಿಂಗಿನ ಹಳೆಯ ಹಾಗೂ ಕಠಿಣ ಸ್ಪರ್ಧೆಗಳಲ್ಲೊಂದಾದ 'ಸದರ್ನ್ 500' ನಡೆಯುತ್ತದೆ.

ಟ್ರ್ಯಾಕಿನ ಉದ್ದ 1.366 ಮೈಲಿ, ಓಡಬೇಕಾದ ಸುತ್ತು 367. ಗುಣಿಸಿದರೆ 501.3 ಮೈಲಿ, ಅಂದರೆ ಸುಮಾರು 807 ಕಿ.ಮೀ. ಬೆಂಗಳೂರಿನಿಂದ ಪುಣೆಗೆ ಇರುವ ದಾರಿಗೆ ಇದು ಹತ್ತಿರಹತ್ತಿರ ಸಮ. ಆ ದೂರವನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ, ಎಡಕ್ಕೆ ಮಾತ್ರ ತಿರುಗುತ್ತಾ ಮುಗಿಸಬೇಕು. ಸುತ್ತಿಗೆ ನಾಲ್ಕರಂತೆ ಒಟ್ಟು 1,468 ತಿರುವು.

ಈ ಓಟಕ್ಕೆ ಏನೇನು ಖರ್ಚಾಗುತ್ತದೆ ಎಂದು ಪಟ್ಟಿ ಮಾಡಲು ಕೂತರೆ ಪೆಟ್ರೋಲು, ಎಂಜಿನ್ನು, ಆಳುಗಳು, ಸಾಗಾಟ ಎಲ್ಲವೂ ಬರುತ್ತವೆ. ಹಣದಲ್ಲಿ ಅಳೆದರೆ ಟೈರಿನ ಬಾಬ್ತು ಆ ಪಟ್ಟಿಯಲ್ಲಿ ಕೆಳಗಡೆ ಇರುತ್ತದೆ. ಆದರೂ ಡಾರ್ಲಿಂಗ್ಟನ್‌ನಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಟೈರೇ. ಇದಕ್ಕೆ ಕಾರಣ ಹುಡುಕಲು ಟ್ರ್ಯಾಕಿನ ಅಳತೆಯಿಂದಲೇ ಶುರುಮಾಡಬೇಕು.

ಮೀನಿನ ಹೊಂಡವೂ 75 ಅಡಿ ವ್ಯತ್ಯಾಸವೂ

ಹೆರಾಲ್ಡ್ ಬ್ರ್ಯಾಸಿಂಗ್ಟನ್ ಡಾರ್ಲಿಂಗ್ಟನ್‌ನವನೇ. 1933ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಅಲ್ಲಿನ 500 ಮೈಲಿ ರೇಸ್ ನೋಡಿ ಬಂದವನಿಗೆ ಅಂಥದ್ದೇ ಒಂದು ತನ್ನೂರಲ್ಲೂ ಆಗಬೇಕೆನಿಸಿತು. ಸ್ಟಾಕ್ ಕಾರುಗಳು ಆಗ ಹೆಚ್ಚಾಗಿ ಮಣ್ಣಿನ ಟ್ರ್ಯಾಕಿನಲ್ಲೇ ಓಡುತ್ತಿದ್ದವು. 1949ರಲ್ಲಿ ಷರ್ಮನ್ ರ್‍ಯಾಮ್ಸಿ ಎಂಬ ರೈತನಿಂದ 70 ಎಕರೆ ಜಮೀನು ಪಡೆದು ಬ್ರ್ಯಾಸಿಂಗ್ಟನ್ ಮಣ್ಣು ಅಗೆಯತೊಡಗಿದ. ರ್‍ಯಾಮ್ಸಿ ಹಾಕಿದ ಷರತ್ತು ಒಂದೇ: ಜಮೀನಿನ ಪಶ್ಚಿಮ ಅಂಚಿನಲ್ಲಿ ಸಣ್ಣ ಮೀನುಗಳಿದ್ದ ಹೊಂಡವನ್ನು ಮುಟ್ಟಬಾರದು.

ಹೊಂಡ ಉಳಿಯಿತು, ಟ್ರ್ಯಾಕಿನ ಒಂದು ತುದಿ ಕಿರಿದಾಯಿತು. ಎರಡೂ ಕಡೆ ಸಮನಾಗಿರಬೇಕಿದ್ದ ದುಂಡು ಮೊಟ್ಟೆಯ ಆಕಾರ ತಾಳಿತು. 1950ರಲ್ಲಿ 1.25 ಮೈಲಿ ಇದ್ದ ಟ್ರ್ಯಾಕನ್ನು 1953ರಲ್ಲಿ 1.375 ಮೈಲಿಗೆ ಹಿಗ್ಗಿಸಿದರು. 1970ರಿಂದ ಈಚೆಗೆ ಅದರ ಅಧಿಕೃತ ಉದ್ದ 1.366 ಮೈಲಿ. ಇಷ್ಟೆಲ್ಲ ಆದರೂ ಮೊಟ್ಟೆ ದುಂಡಗಾಗಲಿಲ್ಲ. ಇಂದಿನ ಅಳತೆ ಹೀಗಿದೆ:

ತಿರುವು 1 ಮತ್ತು 2: ತ್ರಿಜ್ಯ 600 ಅಡಿ, ರಸ್ತೆಯ ವಾಲು 25 ಡಿಗ್ರಿ
ತಿರುವು 3 ಮತ್ತು 4: ತ್ರಿಜ್ಯ 525 ಅಡಿ, ರಸ್ತೆಯ ವಾಲು 23 ಡಿಗ್ರಿ

ಕಾಗದದ ಮೇಲೆ ವ್ಯತ್ಯಾಸ 75 ಅಡಿ ಮತ್ತು 2 ಡಿಗ್ರಿ. ಅದರ ಪರಿಣಾಮವನ್ನು ಪಿಯುಸಿ ಭೌತಶಾಸ್ತ್ರದ ಸೂತ್ರದಿಂದಲೇ ತೆಗೆಯಬಹುದು. ವಾಲಿದ ರಸ್ತೆಯಲ್ಲಿ ಟೈರಿನ ಹಿಡಿತವೇ ಇಲ್ಲವೆಂದು ಭಾವಿಸಿದರೂ ಒಂದು ನಿರ್ದಿಷ್ಟ ವೇಗದಲ್ಲಿ ಕಾರು ಜಾರದೆ ತಿರುಗುತ್ತದೆ. ಮೊದಲ ತುದಿಯಲ್ಲಿ ಆ ವೇಗ ಗಂಟೆಗೆ ಸುಮಾರು 104 ಕಿ.ಮೀ., ಎರಡನೇ ತುದಿಯಲ್ಲಿ ಸುಮಾರು 93 ಕಿ.ಮೀ. ಅದಕ್ಕಿಂತ ಹೆಚ್ಚಿನ ವೇಗದ ಹೊರೆಯೆಲ್ಲ ಟೈರಿನ ಮೇಲೆ.

ಕಾರು ಎರಡೂ ತುದಿಯಲ್ಲಿ ಗಂಟೆಗೆ 220 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅಗಲವಾದ ತುದಿಯಲ್ಲಿ ಅದನ್ನು ಒಳಕ್ಕೆ ಎಳೆದು ತಿರುಗಿಸಲು ಅದರ ತೂಕದ ಸುಮಾರು 2.1 ಪಟ್ಟು ಬಲ ಬೇಕು. ಕಿರಿದಾದ ತುದಿಯಲ್ಲಿ 2.4 ಪಟ್ಟು ಬೇಕು. ನಿಯಮದ ಪ್ರಕಾರ ಕಾರಿನ ಕನಿಷ್ಠ ತೂಕ 3,200 ಪೌಂಡ್, ಅಂದರೆ 1,451 ಕಿಲೋ. ಚಾಲಕ, ಇಂಧನ ಸೇರಿ 1,600 ಕಿಲೋ ಎಂದು ಹಿಡಿದರೆ ಎರಡು ತುದಿಗಳ ನಡುವಿನ ವ್ಯತ್ಯಾಸ ಅರ್ಧ ಟನ್ ಹತ್ತಿರ ಬರುತ್ತದೆ. ಹಾಗೆಂದು ಎರಡು ತುದಿಗೆ ಎರಡು ಬಗೆಯ ಸ್ಪ್ರಿಂಗು, ಎರಡು ಬಗೆಯ ಗಾಳಿಯ ಒತ್ತಡ ಇಡಲಾಗುವುದಿಲ್ಲ. ಕಾರು ಒಂದೇ. ಒಂದು ತುದಿಗೆ ಹದವಾಗಿ ಹೊಂದಿಸಿದರೆ ಇನ್ನೊಂದು ತುದಿಯಲ್ಲಿ ಮೂತಿ ಗೋಡೆಯತ್ತ ಹೋಗುತ್ತದೆ, ಇಲ್ಲವೇ ಹಿಂಭಾಗ ಜಾರುತ್ತದೆ. ಎಂಜಿನಿಯರುಗಳು ಎರಡಕ್ಕೂ ಅರ್ಧಂಬರ್ಧ ಹೊಂದುವ ಒಂದು ಲೆಕ್ಕಕ್ಕೆ ಬರುತ್ತಾರೆ. ಉಳಿದ ಅರ್ಧವನ್ನು ಚಾಲಕ ಸ್ಟಿಯರಿಂಗಿನಲ್ಲಿ ತುಂಬಿಕೊಡಬೇಕು. ಹಾಗೆ ತುಂಬಿಕೊಡುವಾಗ ಆಗುವ ಪ್ರತಿ ಜಾರಾಟವೂ ಟೈರಿನ ಖಾತೆಗೆ ಖರ್ಚಾಗಿ ಬೀಳುತ್ತದೆ.

ವೇಗದ ದಾರಿ ಹೊರಗೋಡೆಗೆ ಅಂಟಿಕೊಂಡೇ ಇರುವುದು ಇನ್ನೊಂದು ತೊಡಕು. ಗೋಡೆಗೆ ಬಲ ಮಗ್ಗುಲು ಸವರಿಸಿಕೊಂಡ ಕಾರಿನ ಮೈಮೇಲೆ ಉಳಿಯುವ ಗೆರೆಗೆ ರೇಸಿನವರು 'ಡಾರ್ಲಿಂಗ್ಟನ್ ಸ್ಟ್ರೈಪ್' ಎನ್ನುತ್ತಾರೆ. ಪಳಗಿಸಲಾಗದ ಟ್ರ್ಯಾಕ್ ಎಂಬ ಅಡ್ಡಹೆಸರೂ ಈ ಜಾಗಕ್ಕೆ ಅಂಟಿದೆ.

1950: ಲಾರಿ ಟೈರು ಕಲಿಸಿದ ಪಾಠ

ಮೊದಲ ಸದರ್ನ್ 500 ನಡೆದದ್ದು 1950ರ ಸೆಪ್ಟೆಂಬರ್ 4ರಂದು. ಇಂಡಿಯಾನಾಪೊಲಿಸ್ ಮಾದರಿಯಲ್ಲಿ ಸಾಲಿಗೆ ಮೂರರಂತೆ 25 ಸಾಲು, ಒಟ್ಟು 75 ಕಾರು ಒಟ್ಟಿಗೆ ಹೊರಟವು. ನೋಡಲು ಬಂದವರು ಸುಮಾರು 25 ಸಾವಿರ. ಒಟ್ಟು ಬಹುಮಾನದ ಮೊತ್ತವೂ 25 ಸಾವಿರ ಡಾಲರ್. ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಹುಟ್ಟಿ ಎರಡೇ ವರ್ಷವಾಗಿತ್ತು. ಅಷ್ಟು ದೂರ, ಅದೂ ಡಾಂಬರು ಹಾಕಿದ ವಾಲು ರಸ್ತೆಯಲ್ಲಿ, ಅದರ ಕಾರುಗಳು ಅಲ್ಲಿಯವರೆಗೆ ಓಡಿರಲಿಲ್ಲ.

ಎಲ್ಲರೂ ಎಂಜಿನ್ನಿನ ಶಕ್ತಿಯ ಬಗ್ಗೆ ತಲೆಕೆಡಿಸಿಕೊಂಡಿದ್ದರು. ಬಿಸಿಲಲ್ಲಿ ಕಾದ ಡಾಂಬರಿನ ಮೇಲೆ ಭಾರಿ ಕಾರುಗಳ ಮಾಮೂಲಿ ಟೈರುಗಳು ಒಂದಾದ ಮೇಲೊಂದು ಸಿಡಿದವು. ಮೂರನೆಯವನಾಗಿ ಬಂದ ರೆಡ್ ಬೈರನ್‌ನ ಕ್ಯಾಡಿಲಾಕ್ 24 ಟೈರ್ ನುಂಗಿತು ಎಂಬುದು ಆ ರೇಸಿನ ಕಥನಗಳಲ್ಲಿ ಮತ್ತೆ ಮತ್ತೆ ಬರುವ ಸಂಖ್ಯೆ. ಕ್ಯಾಲಿಫೋರ್ನಿಯಾದ ಜಾನಿ ಮ್ಯಾಂಟ್ಜ್ ಹೊರಟದ್ದು 43ನೇ ಜಾಗದಿಂದ, ಹಗುರವಾದ ಒಂದು ಪ್ಲಿಮತ್ ಕಾರಿನಲ್ಲಿ. ವೇಗದಲ್ಲಿ ಅದು ಯಾರ ಲೆಕ್ಕಕ್ಕೂ ಇರಲಿಲ್ಲ. ಆದರೆ ಅದಕ್ಕೆ ಹಾಕಿದ್ದು ಗಟ್ಟಿ ರಬ್ಬರಿನ ಲಾರಿ ಟೈರು. ಉಳಿದವರು ಟೈರ್ ಬದಲಿಸಲು ನಿಂತಾಗಲೆಲ್ಲ ಮ್ಯಾಂಟ್ಜ್ ಓಡುತ್ತಲೇ ಇದ್ದ.

ಫಲಿತಾಂಶ: 6 ಗಂಟೆ 38 ನಿಮಿಷಗಳ ಓಟ, ಗಂಟೆಗೆ ಸರಾಸರಿ 75.25 ಮೈಲಿ (121 ಕಿ.ಮೀ.) ವೇಗ, ಎರಡನೆಯವನಿಗಿಂತ 9 ಸುತ್ತು ಮುಂದೆ. ಅಂದಿನ ಟ್ರ್ಯಾಕಿನ ಅಳತೆಯಲ್ಲಿ ಅದು 11 ಮೈಲಿಗೂ ಹೆಚ್ಚಿನ ಅಂತರ. ಮ್ಯಾಂಟ್ಜ್‌ಗೆ ಸಿಕ್ಕ ಬಹುಮಾನ 10,510 ಡಾಲರ್. ಅಮೆರಿಕದಲ್ಲಿ ಅಂದಿನಿಂದ ಇಂದಿಗೆ ಬೆಲೆಗಳು 13 ಪಟ್ಟಿಗೂ ಹೆಚ್ಚು ಏರಿವೆ. ಆ ಲೆಕ್ಕದಲ್ಲಿ ಅದು ಇಂದಿನ 1.4 ಲಕ್ಷ ಡಾಲರಿಗೆ ಸಮ.

ಪೆಟ್ರೋಲ್: ಲೀಟರಿಗೆ ಎರಡು ಕಿಲೋಮೀಟರೂ ಇಲ್ಲ

ಇಂದಿನ ಕಾರು ಬಳಕೆಗೆ ಬಂದದ್ದು 2022ರಲ್ಲಿ. ಎಂಜಿನ್ 358 ಘನ ಇಂಚಿನ ವಿ-8, ಅಂದರೆ ಸುಮಾರು 5.9 ಲೀಟರ್. 2022ರಿಂದ 2025ರವರೆಗೆ ಡಾರ್ಲಿಂಗ್ಟನ್‌ನಲ್ಲಿ ಅದಕ್ಕೆ ಇದ್ದ ಶಕ್ತಿಯ ಮಿತಿ ಸುಮಾರು 670 ಅಶ್ವಶಕ್ತಿ. ಇಂಧನದ ಟ್ಯಾಂಕ್ 20 ಗ್ಯಾಲನ್, ನಮ್ಮ ಲೆಕ್ಕದಲ್ಲಿ 75.7 ಲೀಟರ್. ತುಂಬುವುದು ನೂರಕ್ಕೆ 15 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. ಈ ಮಿಶ್ರಣ 2011ರಿಂದ ಜಾರಿಯಲ್ಲಿದೆ.

ಪೂರ್ತಿ ವೇಗದಲ್ಲಿ ಓಡುವಾಗ ಇಂಥ ಕಾರು ಗ್ಯಾಲನ್ನಿಗೆ 4ರಿಂದ 5 ಮೈಲಿ ಕೊಡುತ್ತದೆ. ನಡುವಿನ ನಾಲ್ಕೂವರೆಯನ್ನು ಹಿಡಿದರೆ ಲೀಟರಿಗೆ 1.9 ಕಿ.ಮೀ. 501 ಮೈಲಿಗೆ 111 ಗ್ಯಾಲನ್, ಅಂದರೆ 420 ಲೀಟರಿಗೆ ಸ್ವಲ್ಪ ಮೇಲೆ. ಕಣದಲ್ಲಿ 38 ಕಾರು ಇದ್ದು ಎಲ್ಲವೂ ಕೊನೆ ಮುಟ್ಟಿದರೆ ಒಟ್ಟು 16 ಸಾವಿರ ಲೀಟರ್. ಅದರಲ್ಲಿ ಎಥನಾಲಿನ ಪಾಲು 2,400 ಲೀಟರ್. ಅಪಘಾತವಾಗಿ ಹಳದಿ ಬಾವುಟ ತೋರಿಸಿದಾಗ ಎಲ್ಲರೂ ನಿಧಾನವಾಗುವುದರಿಂದ ನಿಜವಾದ ಖರ್ಚು ಇದಕ್ಕಿಂತ ಕಡಿಮೆಯೇ.

ಇಲ್ಲಿ ಗಮನಿಸಬೇಕಾದ ಅಂಕಿ ಬೇರೆ. ಒಂದು ಟ್ಯಾಂಕಿನಲ್ಲಿ 90 ಮೈಲಿ, ಅಂದರೆ 65 ಸುತ್ತು ಓಡಬಹುದು. ಸದರ್ನ್ 500 ಮೂರು ಹಂತಗಳಲ್ಲಿ ನಡೆಯುತ್ತದೆ: 115, 115, 137 ಸುತ್ತು. ಮೊದಲ ಹಂತಕ್ಕೆ ಇಂಧನದ ಲೆಕ್ಕದಲ್ಲಿ ಬೇಕಾದದ್ದು ಒಂದೇ ಒಂದು ಪಿಟ್ ನಿಲುಗಡೆ (ಇಂಧನ, ಟೈರಿಗಾಗಿ ಟ್ರ್ಯಾಕ್ ಬಿಟ್ಟು ಪಕ್ಕದ ದಾರಿಯಲ್ಲಿ ನಿಲ್ಲುವುದು). ಆದರೆ ತಂಡಗಳು ಒಂದಕ್ಕೆ ನಿಲ್ಲಿಸುವುದಿಲ್ಲ. ಟ್ಯಾಂಕಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಂಧನ ಉಳಿದಿರುವಾಗಲೇ ಕಾರು ಒಳಗೆ ಬರುತ್ತದೆ. ಆ ಹೆಚ್ಚುವರಿ ನಿಲುಗಡೆ ಪೂರ್ತಿ ಟೈರಿನ ಸಲುವಾಗಿ.

ಒಂದು ಸುತ್ತಿಗೆ ಒಂದು ಸೆಕೆಂಡಿನ ಹದಿನಾರನೇ ಒಂದು

ಟ್ರ್ಯಾಕಿಗೆ ಪೂರ್ತಿ ಹೊಸ ಡಾಂಬರು ಬಿದ್ದದ್ದು 2008ರ ರೇಸಿಗೆ ಮುನ್ನ. 2021ರಲ್ಲಿ ಎರಡನೇ ತಿರುವಿನಾಚೆ ಸುಮಾರು 600 ಅಡಿ ಉದ್ದಕ್ಕೆ ಮಾತ್ರ ತೇಪೆ ಹಾಕಿದರು. ಹೊಸದಿದ್ದಾಗ ನುಣುಪಾಗಿರುವ ಡಾಂಬರು ಬಿಸಿಲು ಮಳೆಗೆ ಸಿಕ್ಕಿ ಮೇಲಿನ ಜಿಡ್ಡು ಕಳೆದುಕೊಳ್ಳುತ್ತದೆ. ಕಲ್ಲಿನ ಚೂಪು ಮೇಲೆ ಬರುತ್ತದೆ. ಮರಳು ಹೆಚ್ಚಿರುವ ಸೀಮೆಯ ರಸ್ತೆಯಾದ್ದರಿಂದ ಅದು ಉಪ್ಪುಕಾಗದದ ಗುಣ ಪಡೆಯುತ್ತದೆ. ಅರ್ಹತಾ ಸುತ್ತಿನ ದಾಖಲೆ 2014ರಿಂದ ಕದಲದಿರಲು ಇದೂ ಒಂದು ಕಾರಣ. ಆ ವರ್ಷ ಆರಿಕ್ ಆಲ್ಮಿರೋಲಾ 26.705 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿದ. ವೇಗ ಗಂಟೆಗೆ 184.145 ಮೈಲಿ, ಅಂದರೆ 296 ಕಿ.ಮೀ. ಎಂಜಿನ್ನಿನ ಶಕ್ತಿಯನ್ನು ಆಮೇಲೆ ಇಳಿಸಿದ್ದು ಎರಡನೇ ಕಾರಣ.

ರೇಸಿನಲ್ಲಿ ಹೊಸ ಟೈರ್ ಹಾಕಿಕೊಂಡ ಕಾರು ಒಂದು ಸುತ್ತಿಗೆ 29.5 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. 40 ಸುತ್ತು ಕಳೆಯುವಷ್ಟರಲ್ಲಿ ಅದು 32 ಸೆಕೆಂಡಿಗೆ ಬರುತ್ತದೆ ಎನ್ನೋಣ. ವೇಗ ಗಂಟೆಗೆ 268 ಕಿ.ಮೀ.ಯಿಂದ 247ಕ್ಕೆ ಇಳಿಯಿತು. ಎರಡೂವರೆ ಸೆಕೆಂಡನ್ನು 40 ಸುತ್ತಿಗೆ ಹಂಚಿದರೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ಒಂದು ಸೆಕೆಂಡಿನ ಹದಿನಾರನೇ ಒಂದು ಭಾಗದಷ್ಟು ನಿಧಾನ. ಕೇಳಲು ಚಿಲ್ಲರೆ ಎನಿಸುತ್ತದೆ. ಆದರೆ ಈ ನಷ್ಟ ಸುತ್ತಿನ ಮೇಲೆ ಸುತ್ತು ಏರುತ್ತದೆ. ಓಟ ಎರಡು ಪಟ್ಟು ಉದ್ದವಾದರೆ ನಷ್ಟ ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು ತಕ್ಕಡಿಯಲ್ಲಿ ಪಿಟ್ ನಿಲುಗಡೆ ಇದೆ. ಐದು ಜನ ಗೋಡೆ ಹಾರಿ ಬಂದು ನಾಲ್ಕೂ ಟೈರ್ ಬದಲಿಸಿ ಇಂಧನ ತುಂಬಲು 9ರಿಂದ 11 ಸೆಕೆಂಡ್ ಸಾಕು. 2022ಕ್ಕೆ ಮುಂಚೆ ಚಕ್ರಕ್ಕೆ ಐದು ನಟ್ ಬಿಚ್ಚಬೇಕಿತ್ತು, ಈಗ ನಡುವೆ ಒಂದೇ ನಟ್. ಆದರೆ ನಿಲ್ಲುವುದಕ್ಕಿಂತ ಪಿಟ್ ದಾರಿಯಲ್ಲಿ ಹೋಗಿ ಬರುವುದೇ ದುಬಾರಿ. ಅಲ್ಲಿ ವೇಗದ ಮಿತಿ ಗಂಟೆಗೆ 45 ಮೈಲಿ, ಅಂದರೆ 72 ಕಿ.ಮೀ. ಪಕ್ಕದಲ್ಲಿ ಎದುರಾಳಿಗಳು ಅದರ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತಾರೆ. ಎಲ್ಲ ಸೇರಿ ಒಂದು ನಿಲುಗಡೆಗೆ 35 ಸೆಕೆಂಡ್ ಹಿಡಿಯೋಣ.

ಈ ಎರಡು ಅಂದಾಜನ್ನು ಇಟ್ಟುಕೊಂಡು 115 ಸುತ್ತಿನ ಹಂತಕ್ಕೆ ಲೆಕ್ಕ ಹಾಕಿದರೆ:

1 ನಿಲುಗಡೆ: ಸವೆತದ ನಷ್ಟ 207 ಸೆಕೆಂಡ್, ಪಿಟ್ 35, ಒಟ್ಟು 242
2 ನಿಲುಗಡೆ: ಸವೆತದ ನಷ್ಟ 138 ಸೆಕೆಂಡ್, ಪಿಟ್ 70, ಒಟ್ಟು 208
3 ನಿಲುಗಡೆ: ಸವೆತದ ನಷ್ಟ 103 ಸೆಕೆಂಡ್, ಪಿಟ್ 105, ಒಟ್ಟು 208

ಒಂದೇ ಸಲ ನಿಂತವನು ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತಾನೆ. ಹೆಚ್ಚುಕಡಿಮೆ ಒಂದು ಸುತ್ತೇ ಹೋಯಿತು. ಎರಡಕ್ಕೂ ಮೂರಕ್ಕೂ ಮಾತ್ರ ತಕ್ಕಡಿ ಸಮ. ಡಾರ್ಲಿಂಗ್ಟನ್ ರೇಸಿನಲ್ಲಿ ತಂಡಗಳ ನಡುವೆ ಜೂಜಾಟ ನಡೆಯುವುದು ಇದೇ ಜಾಗದಲ್ಲಿ. ಮೂರು ಸಲ ನಿಲ್ಲುವವನಿಗೆ ಸದಾ ಹೊಸ ಟೈರ್ ಇರುತ್ತದೆ, ಆದರೆ ಪ್ರತಿ ಸಲವೂ ಹಿಂದಿನಿಂದ ಹಲವರನ್ನು ದಾಟಿಕೊಂಡು ಬರಬೇಕು. ಎರಡು ಸಲ ನಿಲ್ಲುವವನು ಮುಂದೆ ಇರುತ್ತಾನೆ, ಆದರೆ ಕೊನೆಯ ಹತ್ತು ಸುತ್ತಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ನಡುವೆ ಹಳದಿ ಬಾವುಟ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗು. ಎಲ್ಲರೂ ನಿಧಾನವಾಗಿರುವಾಗ ಪಿಟ್‌ಗೆ ಹೋದವನಿಗೆ ನಿಲುಗಡೆ ಬಹುತೇಕ ಪುಕ್ಕಟೆ. ಅದಕ್ಕೆ ಸ್ವಲ್ಪ ಮುಂಚೆ 35 ಸೆಕೆಂಡ್ ತೆತ್ತು ಬಂದವನಿಗೆ ಅದು ದಂಡ.

ಕೊನೆಯ 137 ಸುತ್ತಿನ ಹಂತಕ್ಕೆ ಇದೇ ಸೂತ್ರ ಹಾಕಿದರೆ 2 ನಿಲುಗಡೆಗೆ 266, 3ಕ್ಕೆ 252, 4ಕ್ಕೆ 257 ಸೆಕೆಂಡ್ ನಷ್ಟ. ಅಲ್ಲಿ ಮೂರೇ ಸರಿ.

ಎಷ್ಟು ಸೆಟ್, ಎಷ್ಟು ದುಡ್ಡು

ನಾಲ್ಕು ಟೈರಿಗೆ ಒಂದು ಸೆಟ್. ಹೊರಡುವಾಗ ಕಾರಿನ ಮೇಲಿರುವುದು ಒಂದು ಸೆಟ್, ಮೊದಲ ಹಂತದಲ್ಲಿ ಎರಡು, ಹಂತ ಮುಗಿದಾಗಿನ ವಿರಾಮದಲ್ಲಿ ಒಂದು, ಎರಡನೇ ಹಂತದಲ್ಲಿ ಎರಡು, ಮತ್ತೊಂದು ವಿರಾಮಕ್ಕೆ ಒಂದು, ಕೊನೆಯ ಹಂತಕ್ಕೆ ಮೂರು. ಒಟ್ಟು 10 ಸೆಟ್. ಮೊದಲ ಎರಡು ಹಂತಗಳಲ್ಲಿ ಮೂರು ಮೂರು ಸಲ ನಿಂತರೆ 12 ಸೆಟ್. ನಿಯಮದ ಪ್ರಕಾರ ಈ ರೇಸಿಗೆ ಒಂದು ತಂಡಕ್ಕೆ ಸಿಗುವುದು ಹನ್ನೆರಡರ ಆಸುಪಾಸು. ವರ್ಷದಿಂದ ವರ್ಷಕ್ಕೆ ಒಂದರಷ್ಟು ಹೆಚ್ಚುಕಡಿಮೆಯಾಗುತ್ತದೆ. ಮೊದಲೇ ಧಾರಾಳವಾಗಿ ಖರ್ಚು ಮಾಡಿದವನ ಹತ್ತಿರ ಕೊನೆಯ ಹಳದಿ ಬಾವುಟಕ್ಕೆ ಹೊಸ ಸೆಟ್ ಇರುವುದಿಲ್ಲ.

12 ಸೆಟ್ ಎಂದರೆ 48 ಟೈರ್. 38 ಕಾರಿಗೆ 1,824. ಎಲ್ಲವನ್ನೂ ಪೂರೈಸುವುದು ಗುಡ್‌ಇಯರ್ ಕಂಪನಿ, ತಯಾರಾಗುವುದು ಒಹಾಯೊ ರಾಜ್ಯದ ಆಕ್ರನ್‌ನಲ್ಲಿ. ತಂಡಗಳಿಗೆ ಅವು ಸ್ವಂತವಲ್ಲ, ಬಾಡಿಗೆಗೆ ಸಿಗುವುದು. ರೇಸ್ ಮುಗಿದ ಮೇಲೆ ವಾಪಸ್ ಕೊಡಬೇಕು. ಸಾಮಾನ್ಯವಾಗಿ ಹೇಳುವ ದರ ಒಂದಕ್ಕೆ 500 ಡಾಲರ್ ಆಸುಪಾಸು. ಹಾಗಾಗಿ ಒಂದು ಕಾರಿನ ಟೈರ್ ಬಾಬ್ತು ಸುಮಾರು 24 ಸಾವಿರ ಡಾಲರ್. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 21.6 ಲಕ್ಷ ರೂಪಾಯಿ. ಕಣದ ಎಲ್ಲ ಕಾರುಗಳಿಗೆ ಸೇರಿ 8 ಕೋಟಿ ರೂಪಾಯಿಗೆ ಮೇಲೆ.

ಈಗ ಇಡೀ ಖರ್ಚಿನ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. 2025ರ ಡಿಸೆಂಬರಿನಲ್ಲಿ ಉತ್ತರ ಕ್ಯಾರೊಲಿನಾದ ಷಾರ್ಲಟ್‌ನಲ್ಲಿ, ನ್ಯಾಸ್ಕಾರ್ ವಿರುದ್ಧ ಎರಡು ತಂಡಗಳು ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆಯ ವಿಚಾರಣೆ ನಡೆಯಿತು. ಚಾಲಕನೂ, ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಜೊತೆ ತಂಡವೊಂದರ ಪಾಲುದಾರನೂ ಆದ ಡೆನಿ ಹ್ಯಾಮ್ಲಿನ್ ಅಲ್ಲಿ ಸಾಕ್ಷ್ಯ ನುಡಿದು, ಒಂದು ಕಾರನ್ನು ವರ್ಷದ 38 ರೇಸಿಗೆ ಟ್ರ್ಯಾಕಿಗೆ ತರಲು 2 ಕೋಟಿ ಡಾಲರ್ ಬೇಕು ಎಂದ. ನಮ್ಮ ಹಣದಲ್ಲಿ 180 ಕೋಟಿ ರೂಪಾಯಿ. ಚಾಲಕನ ಸಂಬಳ ಅದರಲ್ಲಿ ಸೇರಿಲ್ಲ. ತಂಡಕ್ಕೆ ಖಾಯಂ ಸ್ಥಾನ ಕೊಡುವ ಹಕ್ಕುಪತ್ರಕ್ಕೆ 'ಚಾರ್ಟರ್' ಎನ್ನುತ್ತಾರೆ. ಅದರ ಮೂಲಕ ವರ್ಷಕ್ಕೆ ಖಾತರಿಯಾಗಿ ಬರುವುದು ಸುಮಾರು 1.25 ಕೋಟಿ ಡಾಲರ್. ಉಳಿದ 75 ಲಕ್ಷ ಡಾಲರನ್ನು ಪ್ರಾಯೋಜಕರಿಂದ ತರಬೇಕು. ಇಂಥ ಚಾರ್ಟರ್ ಇರುವುದು 36 ಮಾತ್ರ. 2023ರಲ್ಲಿ ಒಂದು ಚಾರ್ಟರ್ ಸುಮಾರು 4 ಕೋಟಿ ಡಾಲರಿಗೆ ಕೈ ಬದಲಾಯಿತು ಎಂದು ವರದಿಯಾಗಿತ್ತು.

ಹಣ ಹರಿದು ಬರುವ ದೊಡ್ಡ ನಾಲೆ ಟಿ.ವಿ. 2025ರಿಂದ 2031ರವರೆಗಿನ ಏಳು ವರ್ಷದ ಪ್ರಸಾರ ಹಕ್ಕಿನ ಮೊತ್ತ 770 ಕೋಟಿ ಡಾಲರ್. ವರ್ಷಕ್ಕೆ 110 ಕೋಟಿ. ಅಂಕಪಟ್ಟಿಗೆ ಸೇರುವ 36 ರೇಸಿಗೆ ಭಾಗಿಸಿದರೆ ಒಂದಕ್ಕೆ 3 ಕೋಟಿ ಡಾಲರಿಗಿಂತ ಮೇಲೆ. 2024ರವರೆಗೆ ಇದ್ದ ಹಂಚಿಕೆಯಲ್ಲಿ ನೂರಕ್ಕೆ 65 ಪಾಲು ಟ್ರ್ಯಾಕುಗಳಿಗೆ, 25 ತಂಡಗಳಿಗೆ, 10 ನ್ಯಾಸ್ಕಾರ್‌ಗೆ ಹೋಗುತ್ತಿತ್ತು. ಬಹುಪಾಲು ಟ್ರ್ಯಾಕುಗಳು ನ್ಯಾಸ್ಕಾರ್ ಅಥವಾ ಇನ್ನೊಂದೇ ಕಂಪನಿಯ ಕೈಯಲ್ಲಿರುವುದರಿಂದ ತಂಡಗಳ ಅಸಮಾಧಾನ ಕಟ್ಟೆಯೊಡೆದದ್ದು ಸಹಜ. ಮೊಕದ್ದಮೆ ಅದೇ ತಿಂಗಳು ರಾಜಿಯಲ್ಲಿ ಮುಗಿದು ಚಾರ್ಟರುಗಳು ಶಾಶ್ವತವಾದವು.

ಹ್ಯಾಮ್ಲಿನ್ ಹೇಳಿದ ಮೊತ್ತವನ್ನು 38 ರೇಸಿಗೆ ಸಮನಾಗಿ ಹಂಚಿದರೆ ಒಂದಕ್ಕೆ 5.26 ಲಕ್ಷ ಡಾಲರ್. ಅದು ಒರಟು ಭಾಗಾಕಾರ, ಆದರೂ ಪ್ರಮಾಣ ತಿಳಿಯುತ್ತದೆ. ಸದರ್ನ್ 500ರ 367 ಸುತ್ತಿಗೆ ಹಂಚಿದರೆ ಒಂದು ಸುತ್ತಿಗೆ 1,434 ಡಾಲರ್, ಸುಮಾರು 1.29 ಲಕ್ಷ ರೂಪಾಯಿ. ಅರ್ಧ ನಿಮಿಷಕ್ಕೆ ಅಷ್ಟು. ಟೈರಿನ 24 ಸಾವಿರ ಡಾಲರ್ ಆ ರೇಸಿನ ಖರ್ಚಿನಲ್ಲಿ ನೂರಕ್ಕೆ ಐದು ಪಾಲೂ ಆಗುವುದಿಲ್ಲ.

31 ಕಿಲೋಮೀಟರ್ ಮತ್ತು 14 ಸೆಂಟಿಮೀಟರ್

ಈ ಟ್ರ್ಯಾಕು ಕಾರುಗಳನ್ನು ಹೇಗೆ ಸವೆಸುತ್ತದೆ ಎಂಬುದಕ್ಕೆ ಎರಡು ಗೆಲುವುಗಳನ್ನು ಅಕ್ಕಪಕ್ಕ ಇಡಬಹುದು. 1965ರ ಸದರ್ನ್ 500ರಲ್ಲಿ ಮುಂದೆ ಓಡುತ್ತಿದ್ದವರ ಕಾರುಗಳು ಕೊನೆಯ ಹೊತ್ತಿನಲ್ಲಿ ಕೈಕೊಟ್ಟವು. ನೆಡ್ ಜ್ಯಾರೆಟ್ 14 ಸುತ್ತು ಅಂತರದಿಂದ ಗೆದ್ದ. ಅಂದಿನ 1.375 ಮೈಲಿ ಅಳತೆಯಲ್ಲಿ ಅದು 19.25 ಮೈಲಿ, ಅಂದರೆ 31 ಕಿ.ಮೀ. ನ್ಯಾಸ್ಕಾರ್ ಇತಿಹಾಸದಲ್ಲಿ ದೂರದ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ.

2003ರ ಮಾರ್ಚ್ 16ರಂದು ಇದೇ ಟ್ರ್ಯಾಕಿನಲ್ಲಿ 400 ಮೈಲಿ ರೇಸ್. ಮುಂದಿದ್ದ ಕರ್ಟ್ ಬುಷ್‌ನ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಕೆಟ್ಟಿತ್ತು. ರಿಕಿ ಕ್ರೇವನ್ ಬೆನ್ನು ಹತ್ತಿದ. ಕೊನೆಯ ತಿರುವಿನಿಂದ ಇಬ್ಬರೂ ಒಬ್ಬರಿಗೊಬ್ಬರು ಉಜ್ಜಿಕೊಂಡೇ ಗೆರೆ ದಾಟಿದರು. ಕ್ರೇವನ್ ಗೆದ್ದ ಅಂತರ 0.002 ಸೆಕೆಂಡ್. ಗಂಟೆಗೆ 250 ಕಿ.ಮೀ. ವೇಗ ಹಿಡಿದರೆ ಅದು 14 ಸೆಂಟಿಮೀಟರ್. 2024ರ ಮೇ ತಿಂಗಳಲ್ಲಿ ಕ್ಯಾನ್ಸಸ್‌ನಲ್ಲಿ ಕೈಲ್ ಲಾರ್ಸನ್ 0.001 ಸೆಕೆಂಡಿನಿಂದ ಗೆಲ್ಲುವವರೆಗೂ ಇದಕ್ಕಿಂತ ಕಿರಿದಾದ ಅಂತರ ದಾಖಲಾಗಿರಲಿಲ್ಲ. ಒಂದೇ ಟ್ರ್ಯಾಕಿನ ಈ ಎರಡು ಗೆಲುವಿನ ನಡುವೆ ಎರಡು ಲಕ್ಷ ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಇದೆ.

ಟ್ರ್ಯಾಕಿನ ಮರ್ಮ ಹಿಡಿದವರು ಬೆರಳೆಣಿಕೆಯಷ್ಟು. ಡೇವಿಡ್ ಪಿಯರ್ಸನ್ ಇಲ್ಲಿ 10 ಸಲ ಗೆದ್ದಿದ್ದಾನೆ, ಡೇಲ್ ಅರ್ನ್‌ಹಾರ್ಟ್ 9 ಸಲ. ಜೆಫ್ ಗಾರ್ಡನ್ 1995ರಿಂದ 1998ರವರೆಗೆ ನಾಲ್ಕು ಸದರ್ನ್ 500ಗಳನ್ನು ಸಾಲಾಗಿ ಗೆದ್ದ. ನಿಗದಿಯಾದ ನಾಲ್ಕು ದೊಡ್ಡ ರೇಸುಗಳಲ್ಲಿ ಮೂರನ್ನು ಒಂದೇ ವರ್ಷ ಗೆದ್ದವರಿಗೆ ಸಿಗರೇಟ್ ಕಂಪನಿಯೊಂದು ಇಟ್ಟಿದ್ದ 10 ಲಕ್ಷ ಡಾಲರಿನ ವಿಶೇಷ ಬಹುಮಾನ ಎರಡೇ ಸಲ ಬಟವಾಡೆಯಾಯಿತು: 1985ರಲ್ಲಿ ಬಿಲ್ ಎಲಿಯಟ್‌ಗೆ, 1997ರಲ್ಲಿ ಗಾರ್ಡನ್‌ಗೆ. ಎರಡು ಸಲವೂ ಲೆಕ್ಕ ಚುಕ್ತಾ ಆದದ್ದು ಡಾರ್ಲಿಂಗ್ಟನ್‌ನಲ್ಲೇ. 1950ರ ಇಡೀ ಬಹುಮಾನದ ಮೊತ್ತಕ್ಕೆ ಅದು 40 ಪಟ್ಟು.

ಹತ್ತಿರದ ಉದಾಹರಣೆ 2025ರದು. ಚೇಸ್ ಬ್ರಿಸ್ಕೊ 367 ಸುತ್ತಿನಲ್ಲಿ 309 ಸುತ್ತು ಮುಂದಿದ್ದ, ಅಂದರೆ ನೂರಕ್ಕೆ 84ರಷ್ಟು ಹೊತ್ತು. ಹಿಂದಿನ ವರ್ಷದ ಗೆಲುವೂ ಅವನದೇ. ಇಷ್ಟಾದರೂ ಕೊನೆಯ ಗೆರೆಯಲ್ಲಿ ಟೈಲರ್ ರೆಡಿಕ್‌ಗಿಂತ ಅವನು ಮುಂದಿದ್ದದ್ದು ಅರ್ಧ ಸೆಕೆಂಡಿಗೂ ಕಡಿಮೆ. ಮೂರೂವರೆ ತಾಸು ಕೂಡಿಟ್ಟ ಲಾಭವನ್ನು ಕೊನೆಯ ಕೆಲವು ಸುತ್ತಿನಲ್ಲಿ ಸವೆದ ರಬ್ಬರು ಬಡ್ಡಿ ಸಮೇತ ಕೇಳುತ್ತದೆ.

ಚಾಲಕನ ಮೈಯಲ್ಲೂ ಸವೆತ ಇದೆ. ಸೆಪ್ಟೆಂಬರಿನ ಸೆಕೆಗೆ ಎಂಜಿನ್ನಿನ ಕಾವು ಸೇರಿ ಕಾರಿನೊಳಗೆ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾಲ್ಕು ತಾಸಿನಲ್ಲಿ ಬೆವರಾಗಿ ಎರಡರಿಂದ ನಾಲ್ಕು ಕಿಲೋ ತೂಕ ಇಳಿಯುವುದು ಮಾಮೂಲು. ಟೈರ್ ಜೋಪಾನ ಮಾಡುವ ಲೆಕ್ಕವನ್ನು ಅಷ್ಟು ದಣಿದ ತಲೆ ಕೊನೆಯವರೆಗೂ ಹಿಡಿದಿಟ್ಟುಕೊಳ್ಳಬೇಕು.

ದುಡ್ಡು ಮುಟ್ಟದ ಜಾಗ

ಸಿರಿವಂತ ತಂಡಕ್ಕೂ ಬಡ ತಂಡಕ್ಕೂ ಕೊಡುವ ಟೈರಿನ ಸಂಖ್ಯೆ ಒಂದೇ, ತಯಾರಕರು ಒಬ್ಬರೇ, ರಬ್ಬರಿನ ಹದವೂ ಒಂದೇ. 360 ಕೋಟಿ ರೂಪಾಯಿ ಕೊಟ್ಟು ಚಾರ್ಟರ್ ಕೊಂಡವನಿಗೂ ಮಿತಿ ಮೀರಿದ ಒಂದು ಸೆಟ್ ಸಿಗುವುದಿಲ್ಲ. ಒಳ್ಳೆಯ ಎಂಜಿನಿಯರು, ಚುರುಕಾದ ಪಿಟ್ ಆಳು, ಗಾಳಿ ಸುರಂಗದ ಪರೀಕ್ಷೆ ಎಲ್ಲವನ್ನೂ ದುಡ್ಡು ತರುತ್ತದೆ. ಹೆಚ್ಚು ರಬ್ಬರು ತರುವುದಿಲ್ಲ. ಖರ್ಚಿನಲ್ಲಿ ಐದು ಪಾಲೂ ಇಲ್ಲದ ಬಾಬ್ತು ಫಲಿತಾಂಶದಲ್ಲಿ ಅಷ್ಟು ದೊಡ್ಡದಾಗಲು ಕಾರಣ ಇದೇ: ಬೇರೆಲ್ಲವೂ ಕೊಳ್ಳಲು ಸಿಗುತ್ತದೆ, ಇದು ಎಣಿಸಿ ಕೊಟ್ಟಷ್ಟೇ.

ಹಾಗಾಗಿ ಟಿ.ವಿ.ಯಲ್ಲಿ ಈ ರೇಸ್ ನೋಡುವಾಗ ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಎಂಬುದು ಅರ್ಧ ಮಾಹಿತಿ ಮಾತ್ರ. ಪರದೆಯ ಮೇಲೆ ತೋರಿಸುವ ಉಳಿದ ಸುತ್ತುಗಳ ಸಂಖ್ಯೆಯನ್ನು, ಆ ತಂಡದಲ್ಲಿ ಉಳಿದ ಹೊಸ ಸೆಟ್ಟುಗಳಿಗೆ ಒಂದು ಕೂಡಿಸಿ ಭಾಗಿಸಿ. 105 ಸುತ್ತು, ಎರಡು ಸೆಟ್ ಉಳಿದಿದ್ದರೆ ಉತ್ತರ 35, ಅವನು ಸುಖವಾಗಿದ್ದಾನೆ. ಒಂದೇ ಸೆಟ್ ಇದ್ದರೆ ಉತ್ತರ 52.5. ಈಗ ಎಷ್ಟೇ ಮುಂದಿದ್ದರೂ ಅವನನ್ನು ಹಿಡಿಯುವವರು ಹಿಂದೆ ಬರುತ್ತಿದ್ದಾರೆ.